ಮಾನವ ಭೂಗೋಳ: ರಜೆಯ ಸಿದ್ಧತೆ ಮನೆಯಿಂದಲೇ ಆರಂಭವಾಗಲಿ

ಮಾನ್ಯ ಸಂಪಾದಕರೇ,

ಮುಂಬಯಿ ಮತ್ತು ಉಪನಗರಗಳ ಜೂನಿಯರ್ ಕಾಲೇಜುಗಳಲ್ಲಿ ಹನ್ನೊಂದನೆಯ ತರಗತಿ ಮುಗಿಸಿದ ನಮ್ಮ ಮಕ್ಕಳು ಈಗ ಬೇಸಿಗೆ ರಜೆಯಲ್ಲಿದ್ದಾರೆ. ರಾಜ್ಯ ಮಂಡಳಿಯಾಗಲಿ ಸಿಬಿಎಸ್‌ಇಯಾಗಲಿ, ಭೂಗೋಳ ಆಯ್ದುಕೊಂಡವರಿಗೆ ಹನ್ನೆರಡರಲ್ಲಿ ಮುಖ್ಯವಾಗಿ ಎದುರಾಗುವುದು ಮಾನವ ಭೂಗೋಳ: ಜನಸಂಖ್ಯೆ, ವಲಸೆ, ಜನವಸತಿ, ಭೂಬಳಕೆ, ಬೇಸಾಯ, ಕೈಗಾರಿಕೆ. ಅಮೆರಿಕದ ಕಾಲೇಜ್ ಬೋರ್ಡ್ 2001ರಿಂದ ಹೈಸ್ಕೂಲು ಮಕ್ಕಳಿಗೆ ನಡೆಸುತ್ತಿರುವ, ಕಾಲೇಜು ಮಟ್ಟದ ಎಪಿ (ಅಡ್ವಾನ್ಸ್‌ಡ್ ಪ್ಲೇಸ್‌ಮೆಂಟ್) ಮಾನವ ಭೂಗೋಳ ಪರೀಕ್ಷೆಯಲ್ಲೂ ವಿಷಯಗಳು ಬಹುಮಟ್ಟಿಗೆ ಇವೇ. ರಜೆಯಲ್ಲೇ ಇದಕ್ಕೊಂದು ಕ್ಲಾಸಿಗೆ ಸೇರಿಸಬೇಕೇ ಎಂದು ತಂದೆತಾಯಂದಿರು ಕೇಳುತ್ತಿರುತ್ತಾರೆ. ಬಹುಕಾಲ ಭೂಗೋಳ ಕಲಿಸಿದ ನನ್ನ ಅಭಿಪ್ರಾಯದಲ್ಲಿ ಕ್ಲಾಸು ಬೇಡ. ಈ ವಿಷಯದ ಅತ್ಯುತ್ತಮ ಸಾಮಗ್ರಿ ವಲಸೆ ಬಂದ ಕನ್ನಡಿಗರ ಮನೆಯಲ್ಲೇ ಇದೆ, ಅದನ್ನು ಓದಲು ಕಲಿಸುವುದೇ ನಿಜವಾದ ಸಿದ್ಧತೆ.

ವೆಕೇಶನ್ ಬ್ಯಾಚುಗಳಲ್ಲಿ ಸಾಮಾನ್ಯವಾಗಿ ನಡೆಯುವುದು ವ್ಯಾಖ್ಯೆಗಳ ಕಂಠಪಾಠ. ವಲಸೆಯ ಕಾರಣಗಳನ್ನು ಒಂದೂ ಬಿಡದೆ ಬರೆಯಬಲ್ಲ ವಿದ್ಯಾರ್ಥಿಯೇ, ನಕ್ಷೆಯೊಂದನ್ನು ಮುಂದಿಟ್ಟು ಈ ಜಿಲ್ಲೆಯಲ್ಲಿ ಹೆಂಗಸರ ಸಂಖ್ಯೆ ಗಂಡಸರಿಗಿಂತ ಏಕೆ ಹೆಚ್ಚು ಎಂದು ಕೇಳಿದರೆ ತಡವರಿಸುವುದನ್ನು ಮೌಲ್ಯಮಾಪನದ ವೇಳೆ ಮತ್ತೆ ಮತ್ತೆ ಕಂಡಿದ್ದೇನೆ. 2011ರ ಜನಗಣತಿಯ ಪ್ರಕಾರ ರತ್ನಾಗಿರಿ ಜಿಲ್ಲೆಯಲ್ಲಿ ಸಾವಿರ ಗಂಡಸರಿಗೆ 1122 ಹೆಂಗಸರಿದ್ದರೆ, ಮುಂಬಯಿ ನಗರ ಜಿಲ್ಲೆಯಲ್ಲಿ ಇದ್ದವರು 832 ಮಾತ್ರ. ಈ ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟು ನೋಡಿದ ಹುಡುಗಿಗೆ, ದುಡಿಯುವ ಗಂಡಸರು ಊರು ಬಿಟ್ಟು ಎಲ್ಲಿಗೆ ಹೋದರು ಎಂಬುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ನಮ್ಮ ಉಡುಪಿ ಜಿಲ್ಲೆಯ ಲಿಂಗಾನುಪಾತವೂ ಸಾವಿರವನ್ನು ದಾಟಿದೆ ಎಂದು ತಿಳಿದಾಗ ಅವಳಿಗೆ ತನ್ನ ಅಜ್ಜನ ನೆನಪಾಗದೆ ಇರದು.

ಆ ಅಜ್ಜ ಬದುಕಿದ್ದರೆ ಅವರ ಎದುರು ನೋಟುಪುಸ್ತಕ ಹಿಡಿದು ಕೂರಲಿ. ಊರು ಬಿಟ್ಟದ್ದೇಕೆ, ಯಾರ ಜೊತೆ ಬಂದಿರಿ, ಮೊದಲ ರಾತ್ರಿ ಮಲಗಿದ್ದು ಎಲ್ಲಿ, ಹೊಟೇಲ್ ಕೆಲಸವೇ ಏಕೆ, ರಾತ್ರಿಶಾಲೆಗೆ ಸೇರಿಸಿದವರು ಯಾರು ಎಂದು ಕೇಳಲಿ. ಮೊದಲು ಬಂದ ಒಬ್ಬರು ಭಾವನನ್ನು, ಆ ಭಾವ ನೆರೆಮನೆಯ ಹುಡುಗನನ್ನು ಕರೆಸಿಕೊಂಡ ವಿವರ ಹೊರಬಿದ್ದರೆ ಅದೇ ಪಠ್ಯದ ಸರಪಳಿ ವಲಸೆ. ಅಜ್ಜಿಯನ್ನೂ ಬಿಡಬಾರದು. ತಾನು ಎಲ್ಲಿಗೂ ವಲಸೆ ಹೋದವಳಲ್ಲ, ಮದುವೆಯಾಗಿ ಪಕ್ಕದ ಊರಿಗೆ ಹೋದೆನಷ್ಟೇ ಎಂದು ಅವರು ಹೇಳಬಹುದು; ಜನಗಣತಿಯ ಲೆಕ್ಕದಲ್ಲಿ ಅದೂ ವಲಸೆಯೇ, ಮಾತ್ರವಲ್ಲ, ಭಾರತದ ಹೆಂಗಸರ ವಲಸೆಗೆ ಅತಿ ದೊಡ್ಡ ಕಾರಣವೇ ಮದುವೆ. ವಲಸಿಗರಲ್ಲಿ ಹೆಚ್ಚಿನವರು ಸಮೀಪದ ಊರಿಗೇ ಹೋಗುತ್ತಾರೆ ಎಂದು ವಲಸೆಯ ನಿಯಮಗಳನ್ನು ರೂಪಿಸಿದ ಭೂಗೋಳ ತಜ್ಞ ರಾವೆನ್‌ಸ್ಟೈನ್ 1885ರಲ್ಲಿ ಬರೆದದ್ದು ಮುಂಬಯಿಗೆ ಬಂದ ಅಜ್ಜನಿಗಿಂತ ಅಜ್ಜಿಗೇ ಚೆನ್ನಾಗಿ ಹೊಂದುತ್ತದೆ. ಇಷ್ಟನ್ನು ಮನೆಯಲ್ಲೇ ಕಂಡುಕೊಂಡ ಮಗು ಆ ಸಿದ್ಧಾಂತವನ್ನು ಮರೆಯುವುದಿಲ್ಲ.

ರಜೆಗೆ ಊರಿಗೆ ಹೋಗುವವರು ಕೊಂಕಣ ರೈಲಿನಲ್ಲಿ ಹಗಲು ಪ್ರಯಾಣವನ್ನೇ ಆರಿಸಿಕೊಂಡರೆ ಒಳ್ಳೆಯದು. ಪನ್ವೇಲ್‌ವರೆಗಿನ ಕಟ್ಟಡಗಳ ಸಾಲು, ಮುಂದೆ ಕಾಣುವ ಗದ್ದೆ, ರತ್ನಾಗಿರಿಯ ಸುತ್ತಿನ ಮಾವಿನ ತೋಪು, ಕೆಂಪು ಮುರಕಲ್ಲಿನ ಮನೆಗಳು, ಇವುಗಳನ್ನು ನಿಲ್ದಾಣದ ಹೆಸರಿನೊಂದಿಗೆ ಬರೆದಿಟ್ಟುಕೊಂಡರೆ ಭೂಬಳಕೆಯ ಪಾಠ ಅರ್ಧ ಮುಗಿದಂತೆ. ಊರಿಗೆ ಹೋಗದವರಿಗೆ ಈ ನಗರವೇ ಸಾಕು. ಹಳೆಯ ಬಟ್ಟೆ ಗಿರಣಿಗಳ ಪ್ರದೇಶವಾದ ಗಿರಣಗಾಂವ್‌ನ ಯಾವ ಗಿರಣಿಯ ಜಾಗದಲ್ಲಿ ಈಗ ಮಾಲ್ ಇದೆ, ಯಾವುದರಲ್ಲಿ ಕಚೇರಿಗಳಿವೆ ಎಂದು ನಡೆದು ನೋಡಿಬರಬಹುದು.

ನಕ್ಷೆಯ ಕೆಲಸವನ್ನು ಮಾತ್ರ ದಯವಿಟ್ಟು ಕೈಯಿಂದಲೇ ಮಾಡಿಸಿ. ಜನಗಣತಿ ಇಲಾಖೆಯ ಜಾಲತಾಣದಲ್ಲಿ ಜಿಲ್ಲಾವಾರು ಕೋಷ್ಟಕಗಳು ಉಚಿತವಾಗಿ ಸಿಗುತ್ತವೆ. ಅವನ್ನು ಆಧರಿಸಿ ಮಹಾರಾಷ್ಟ್ರದ ಖಾಲಿ ನಕ್ಷೆಗೆ ಜನಸಾಂದ್ರತೆಯ ಬಣ್ಣ ತುಂಬುವ ಮಗು ಬೇಗನೇ ಒಂದು ತೊಡಕಿಗೆ ಸಿಲುಕುತ್ತದೆ: ನಕ್ಷೆಯಲ್ಲಿ ಪಾಲ್‌ಘರ್ ಜಿಲ್ಲೆಯಿದೆ, ಕೋಷ್ಟಕದಲ್ಲಿ ಇಲ್ಲ. ಪಾಲ್‌ಘರ್ ಠಾಣೆಯಿಂದ ಬೇರ್ಪಟ್ಟದ್ದು 2014ರಲ್ಲಿ. 2021ರ ಜನಗಣತಿ ನಡೆಯದ ಕಾರಣ ನಮ್ಮ ಕೈಯಲ್ಲಿರುವುದು 2011ರ ಅಂಕಿಗಳು. ಗಡಿಗಳು ಮನುಷ್ಯರು ಎಳೆದವು, ಅಂಕಿಗಳಿಗೆ ಇಸವಿಯಿದೆ ಎಂಬ ಎಚ್ಚರ ಹೀಗೆ ಮೂಡುತ್ತದೆ. ಅದೇ ಕೋಷ್ಟಕದಲ್ಲಿ ಇನ್ನೊಂದು ಪ್ರಶ್ನೆಯೂ ಕಾದಿದೆ. 2001ರಿಂದ 2011ರ ನಡುವೆ ಮುಂಬಯಿ ನಗರ ಜಿಲ್ಲೆಯ ಜನಸಂಖ್ಯೆ 33 ಲಕ್ಷದಿಂದ ಸುಮಾರು 31 ಲಕ್ಷಕ್ಕೆ ಇಳಿದರೆ, ಉಪನಗರ ಜಿಲ್ಲೆಯದು 86 ಲಕ್ಷದಿಂದ 93 ಲಕ್ಷದಾಚೆಗೆ ಏರಿತು. ಫೋರ್ಟ್, ಮಾಟುಂಗಾ ಬಿಟ್ಟು ಡೊಂಬಿವಲಿ, ಮೀರಾರೋಡ್ ಸೇರಿದ ಎಷ್ಟೋ ಕನ್ನಡ ಕುಟುಂಬಗಳು ಇದಕ್ಕೆ ಕಾರಣ ಹೇಳಬಲ್ಲವು.

ಒಂದು ಮಾತನ್ನು ಒತ್ತಿ ಹೇಳಬೇಕು. ಮುಂಬಯಿ ಕನ್ನಡಿಗರೆಂದರೆ ಕರಾವಳಿಯವರಷ್ಟೇ ಅಲ್ಲ. ಕಲಬುರಗಿ, ವಿಜಯಪುರದ ಕಡೆಯಿಂದ ಬಂದು ಕಟ್ಟಡ ಕೆಲಸದಲ್ಲಿ ತೊಡಗಿರುವ ಕುಟುಂಬಗಳು ನಮ್ಮ ಬಡಾವಣೆಗಳ ಪಕ್ಕದಲ್ಲೇ ಇವೆ. ಅವರನ್ನು ಊರಿನಿಂದ ನೂಕಿದ ಮಳೆಯ ಕೊರತೆ ಬೇರೆ, ಹೊಟೇಲಿಗೆ ಬಂದ ಹುಡುಗನನ್ನು ಸೆಳೆದ ಆಸೆ ಬೇರೆ. ಇಬ್ಬರನ್ನೂ ಮಾತನಾಡಿಸದ ವಿದ್ಯಾರ್ಥಿ ನೂಕು ಮತ್ತು ಸೆಳೆತದ ಕಾರಣಗಳನ್ನು ಒಂದೇ ಕಡೆಯಿಂದ ಕಲಿತಂತಾಗುತ್ತದೆ.

ಇಲ್ಲಿ ನಮ್ಮ ಕನ್ನಡ ಸಂಘಗಳ ಸಹಾಯ ಬೇಕು. ಹಳೆಯ ಸಂಘಗಳ ಕಪಾಟುಗಳಲ್ಲಿ ಸ್ಮರಣ ಸಂಚಿಕೆಗಳೂ ಸದಸ್ಯರ ದಾಖಲೆ ಪುಸ್ತಕಗಳೂ ಇವೆ. ನಾನು ನೋಡಿದ ಅಂಥದೊಂದು ಪುಸ್ತಕದಲ್ಲಿ ಹೆಸರಿನ ಮುಂದೆ ಹುಟ್ಟೂರು, ಉದ್ಯೋಗ, ವಿಳಾಸ ಎಂಬ ಅಂಕಣಗಳಿದ್ದು, ಮನೆ ಬದಲಾದಾಗಲೆಲ್ಲ ಹಳೆಯ ವಿಳಾಸಕ್ಕೆ ಗೆರೆ ಎಳೆದು ಹೊಸದನ್ನು ಬೇರೆ ಶಾಯಿಯಲ್ಲಿ ಬರೆಯಲಾಗಿತ್ತು. ಮಾನವ ಭೂಗೋಳದ ವಿದ್ಯಾರ್ಥಿಗೆ ಇದಕ್ಕಿಂತ ಒಳ್ಳೆಯ ಆಕರ ಸಿಗದು. ಹೆಸರು ಮತ್ತು ಮನೆ ಸಂಖ್ಯೆಗಳನ್ನು ಬಿಟ್ಟು, ಹುಟ್ಟೂರು, ಉದ್ಯೋಗ, ಬಡಾವಣೆಗಳನ್ನಷ್ಟೇ ಮಕ್ಕಳು ಪಟ್ಟಿಮಾಡಿಕೊಂಡು ನಕ್ಷೆಗೆ ಇಳಿಸಲು ಪದಾಧಿಕಾರಿಗಳು ಅವಕಾಶ ಕೊಡಬೇಕೆಂದೂ, ಜೂನ್‌ನಲ್ಲಿ ಕಾಲೇಜುಗಳು ತೆರೆಯುವವರೆಗೆ ಭಾನುವಾರ ಬೆಳಿಗ್ಗೆ ವಾಚನಾಲಯದ ಒಂದು ಮೇಜನ್ನು ಈ ಕೆಲಸಕ್ಕೆ ಬಿಟ್ಟುಕೊಡಬೇಕೆಂದೂ ತಮ್ಮ ಪತ್ರಿಕೆಯ ಮೂಲಕ ಕೋರುತ್ತೇನೆ. ಡೊಂಬಿವಲಿ ಪರಿಸರದ ಯಾವುದೇ ಸಂಘ ಮುಂದೆ ಬಂದರೆ ಮಕ್ಕಳ ಜೊತೆ ಕೂತು ನಕ್ಷೆ ಬಿಡಿಸುವ ಕೆಲಸ ಕಲಿಸಲು ನಾನು ಸಿದ್ಧಳಿದ್ದೇನೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಭೂಗೋಳ ಶಿಕ್ಷಕಿ,
ಡೊಂಬಿವಲಿ