ರಾತ್ರಿಯಿಡೀ ಕಾದು ಕೂತ ಹ್ಯಾಮ್ ಗೆಳೆಯರಿಗೆ

ನನ್ನ ಸಿಗ್ನಲ್ ಹಿಡಿಯಲು ರಾತ್ರಿಯಿಡೀ ಕೂತ, ಕೆನಡಾದ ನ್ಯೂಫೌಂಡ್‌ಲ್ಯಾಂಡ್‌ನ ಹ್ಯಾಮ್ (ಹವ್ಯಾಸಿ ರೇಡಿಯೋ ಬಳಕೆದಾರ) ಒಬ್ಬರಿಗೆ ಈ ಧನ್ಯವಾದ. ಹೆಸರು, ಕಾಲ್‌ಸೈನ್ (ರೇಡಿಯೋದಲ್ಲಿ ಗುರುತಿಗೆ ಬಳಸುವ ಅಕ್ಷರ-ಅಂಕಿ) ಎರಡೂ ಹಾಕುವುದು ಬೇಡ ಅಂದಿದ್ದಾರೆ.

ನಾನು ಇಂಗ್ಲೆಂಡಿನ ನಮ್ಮ ಮನೆಯಿಂದ 136 ಕಿಲೋಹರ್ಟ್ಸ್‌ನಲ್ಲಿ ಸಿಗ್ನಲ್ ಕಳಿಸುತ್ತಿದ್ದೆ. ಈ ಫ್ರೀಕ್ವೆನ್ಸಿಯಲ್ಲಿ ರೇಡಿಯೋ ಅಲೆಯ ಉದ್ದವೇ ಸುಮಾರು 2,200 ಮೀಟರ್. ಅದರ ಕಾಲು ಭಾಗದ ಆಂಟೆನಾ ಅಂದರೂ 550 ಮೀಟರ್ ಆಯಿತು. ಹಿತ್ತಲಲ್ಲಿ ಅಷ್ಟು ಜಾಗ ಎಲ್ಲಿ? ಇದ್ದ ತಂತಿಗೇ ದೊಡ್ಡ ಕಾಯಿಲ್ (ತಂತಿ ಸುರುಳಿ) ಸೇರಿಸಿ ಹೊಂದಿಸಿಕೊಳ್ಳಬೇಕು. ಪವರ್‌ನ ಜಾಸ್ತಿ ಪಾಲು ಆ ಕಾಯಿಲ್‌ನಲ್ಲಿ, ನೆಲದಲ್ಲಿ ಬಿಸಿಯಾಗಿಯೇ ಹೋಗುತ್ತದೆ. ನಿಜವಾಗಿ ಹೊರಡುವುದು 1 ವ್ಯಾಟ್‌ಗಿಂತ ಕಡಿಮೆ. ಅದಕ್ಕೇ ಮೋರ್ಸ್ (ಚುಕ್ಕಿ, ಗೆರೆಗಳಲ್ಲಿ ಅಕ್ಷರ ಕಳಿಸುವ ಸಂಕೇತ) ತುಂಬಾ ನಿಧಾನ: ಒಂದು ಚುಕ್ಕಿಗೆ 1 ನಿಮಿಷ, ಒಂದು ಗೆರೆಗೆ 3 ನಿಮಿಷ. ಕಿವಿಗೆ ಏನೂ ಕೇಳಿಸುವುದಿಲ್ಲ, ಕಂಪ್ಯೂಟರ್ ಪರದೆ ನೋಡಿ ಓದಬೇಕು. ಹಗಲಲ್ಲಿ ಮೇಲಿನ ವಾತಾವರಣದ, ಡಿ ಅನ್ನುವ ವಿದ್ಯುತ್ಕಣಗಳ ಪದರ ಸಿಗ್ನಲ್ಲನ್ನು ನುಂಗಿಬಿಡುತ್ತದೆ. ಅಟ್ಲಾಂಟಿಕ್‌ನ ಎರಡೂ ಕಡೆ ಕತ್ತಲಿದ್ದಾಗಲೇ ಆಸೆ.

ಅವರ ರಿಸೀವರ್‌ನಲ್ಲಿ ಮೊದಲು ಬರೀ ಗದ್ದಲ. ಇನ್ನೊಬ್ಬರಾಗಿದ್ದರೆ ನಾಳೆ ನೋಡೋಣ ಅನ್ನುತ್ತಿದ್ದರು. ಇವರು ಗದ್ದಲ ಯಾವುದರಿಂದ ಅಂತ ಹುಡುಕುತ್ತಾ ಮನೆಯ ಚಾರ್ಜರ್‌ಗಳನ್ನು ಒಂದೊಂದಾಗಿ ಕಿತ್ತರು, ಎಲ್‌ಇಡಿ ದೀಪ ಆರಿಸಿದರು, ಕೊನೆಗೆ ಫ್ರಿಜ್ ಪ್ಲಗ್ಗನ್ನೂ ತೆಗೆದರು. ಪ್ರತಿ ಸಲ ಪರದೆಯ ಚಿತ್ರ ಕಳಿಸುತ್ತಿದ್ದರು. ಬೆಳಗಿನ ಜಾವದ ಚಿತ್ರದಲ್ಲಿ ಬೂದು ಕಲೆಗಳ ನಡುವೆ ಕೂದಲೆಳೆಯಷ್ಟು ತೆಳ್ಳಗೆ ಚುಕ್ಕಿ, ಗೆರೆ, ಗೆರೆ. ನನ್ನ ಕಾಲ್‌ಸೈನಿನ ಡಬ್ಲ್ಯೂ! ಮಿಕ್ಕ ಅಕ್ಷರಗಳೂ ನಿಧಾನಕ್ಕೆ ಬಂದವು.

ನೋಡಿಯೇ ಇರದ ಮನುಷ್ಯನಿಗಾಗಿ ಇಷ್ಟು ಯಾರು ಮಾಡುತ್ತಾರೆ? ಮುಂದಿನ ಚಳಿಗಾಲ ಅವರು ಕಳಿಸುತ್ತಾರೆ, ನಾನು ಕಾದು ಕೂರುತ್ತೇನೆ. ತುಂಬಾ ಥ್ಯಾಂಕ್ಸ್ ಸರ್.