ಇಬ್ಬರು ಎಸ್. ಚಂದ್ರಶೇಖರ್

ಮಾನ್ಯರೇ,

ಚಂದ್ರಶೇಖರ್ ಅಂದರೆ ಮೈಸೂರಿನವರಿಗೆ ಮೊದಲು ನೆನಪಾಗುವುದು ಸ್ಪಿನ್ನರ್ ಬಿ.ಎಸ್. ಚಂದ್ರಶೇಖರ್. 1971ರಲ್ಲಿ ಓವಲ್‌ನಲ್ಲಿ 38 ರನ್‌ಗೆ 6 ವಿಕೆಟ್ ಕಿತ್ತವರು. ಟೆಸ್ಟ್‌ನಲ್ಲಿ ಅವರ ವಿಕೆಟ್ 242, ರನ್ ಬರೀ 167! ಸಾಹಿತ್ಯದವರಿಗೆ ಚಂದ್ರಶೇಖರ ಅಂದರೆ ಜ್ಞಾನಪೀಠದ ಕಂಬಾರರು. ಇವರಿಬ್ಬರನ್ನು ಯಾರೂ ಅದಲುಬದಲು ಮಾಡುವುದಿಲ್ಲ.

ಗೊಂದಲ ಇರುವುದು ವಿಜ್ಞಾನದಲ್ಲಿ. ಅಲ್ಲಿ ಎಸ್. ಚಂದ್ರಶೇಖರ್ ಇಬ್ಬರು. ಇಬ್ಬರೂ ಭೌತವಿಜ್ಞಾನಿಗಳು. ಸಾಲದ್ದಕ್ಕೆ ಇಬ್ಬರೂ ಸಿ.ವಿ. ರಾಮನ್ ಅವರ ನೆಂಟರು: ಒಬ್ಬರು ಅಣ್ಣನ ಮಗ, ಇನ್ನೊಬ್ಬರು ಸೋದರಿಯ ಮಗ. ನಕ್ಷತ್ರಗಳ ಅಧ್ಯಯನಕ್ಕೆ 1983ರಲ್ಲಿ ನೊಬೆಲ್ ಪಡೆದ ಸುಬ್ರಹ್ಮಣ್ಯನ್ ಚಂದ್ರಶೇಖರ್ ಹೆಸರು ಪಠ್ಯಪುಸ್ತಕದಲ್ಲಿದೆ. ಆದರೆ ನಮ್ಮಲ್ಲೇ ಕೆಲಸ ಮಾಡಿದ ಶಿವರಾಮಕೃಷ್ಣ ಚಂದ್ರಶೇಖರ್ ಎಷ್ಟು ಜನರಿಗೆ ಗೊತ್ತು? ಮೈಸೂರು ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದರು. ಆಮೇಲೆ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಲಿಕ್ವಿಡ್ ಕ್ರಿಸ್ಟಲ್ (ದ್ರವದಂತೆ ಹರಿದರೂ ಅಣುಗಳು ಸ್ವಲ್ಪಮಟ್ಟಿಗೆ ಹರಳಿನಂತೆ ಕ್ರಮವಾಗಿರುವ ವಸ್ತು) ಪ್ರಯೋಗಾಲಯ ಕಟ್ಟಿದರು. ತಟ್ಟೆಯಾಕಾರದ ಅಣುಗಳೂ ಲಿಕ್ವಿಡ್ ಕ್ರಿಸ್ಟಲ್ ಆಗಬಲ್ಲವು ಎಂದು 1977ರಲ್ಲಿ ಅವರ ತಂಡ ತೋರಿಸಿತು. ಅಲ್ಲಿಯವರೆಗೆ ಕಡ್ಡಿಯಂಥ ಅಣುಗಳದ್ದೇ ಮಾತು. ಸಣ್ಣ ಸಾಧನೆಯಲ್ಲ ಅಲ್ವಾ?

ವಿಜ್ಞಾನದ ಸುದ್ದಿ ಬರೆಯುವಾಗ ಸುಮ್ನೆ ‘ಎಸ್.’ ಎಂದು ಹಾಕದೆ ಪೂರ್ತಿ ಹೆಸರು ಕೊಡಿ. ಜಾಗ ಜಾಸ್ತಿ ಬೇಕಾಗಲಿಕ್ಕಿಲ್ಲ.

– ಓದುಗ, ಮೈಸೂರು