ರೈಲಿನಲ್ಲಿ ಪಕ್ಕ ಕೂತಿದ್ದ ಅಕ್ಕನಿಗೆ

ಹೋದ ವರ್ಷ ಮಳೆಗಾಲದಲ್ಲಿ ಹಾಸನದಿಂದ ಬೆಂಗಳೂರಿಗೆ ಹೊರಟ ರೈಲು. ನನ್ನ ಕೈಲಿದ್ದ ಆಸ್ಪತ್ರೆ ಫೈಲು ನೋಡಿ, "ತೂಕ ಇಳಿಸೋ ಆಪರೇಷನ್ನಾ? ನಂಗೂ ಆಗಿದೆ ಕಣಮ್ಮ" ಅಂದಿರಿ. ಶ್ರವಣಬೆಳಗೊಳ ದಾಟುವಷ್ಟರಲ್ಲಿ ನನ್ನ ಅರ್ಧ ಭಯ ಇಳಿದಿತ್ತು.

ಆ ಆಪರೇಷನ್ನಿನ ಬಗೆಗಳಲ್ಲಿ ಸ್ಲೀವ್ ಅಂದರೆ ಜಠರದ ಮುಕ್ಕಾಲು ಭಾಗ ತೆಗೆದೇಬಿಡುವುದು, ಬೈಪಾಸ್ ಅಂದರೆ ಮೇಲ್ತುದಿಯಲ್ಲಿ ಪುಟ್ಟ ಚೀಲ ಮಾಡಿ ಸಣ್ಣ ಕರುಳಿಗೆ ಜೋಡಿಸುವುದು ಎಂದು ಸೆರಗು ಮಡಚಿ ತೋರಿಸಿದಿರಿ. ನನಗೆ ಎದೆಯುರಿ ಎಂದಾಗ, "ಸ್ಲೀವ್ ಮಾಡಿಸಿದ್ರೆ ಅದು ಜಾಸ್ತಿ ಆಗ್ಬಹುದು, ಡಾಕ್ಟರ ಹತ್ರ ಮುಚ್ಚಿಡಬೇಡ" ಅಂದಿರಿ. ಹೇಳಿದೆ. ಅವರು ಪರೀಕ್ಷೆ ಮಾಡಿಸಿ ಬೈಪಾಸನ್ನೇ ಮಾಡಿದರು.

ಮೊದಲ 2 ವಾರ ಬರೀ ಬೇಳೆಕಟ್ಟು, ನೀರುಮಜ್ಜಿಗೆ. ಮನೆಯವರು ಅಕ್ಕಿರೊಟ್ಟಿ ತಿನ್ನುವಾಗ ಅತ್ತಿದ್ದೂ ಉಂಟು. ಮೂರನೇ ತಿಂಗಳು ಕೂದಲು ಉದುರತೊಡಗಿದಾಗ, "ಮತ್ತೆ ಬರುತ್ತೆ, ಪ್ರೋಟೀನ್ ಮಾತ್ರ ಬಿಡಬೇಡ" ಎಂದ ನಿಮ್ಮ ದನಿ ಕಿವಿಯಲ್ಲಿತ್ತು. ಬಂತು ಅಕ್ಕಾ. ಬಿ12, ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆ ಜೀವನಪೂರ್ತಿ ಅಂದಿದ್ದಿರಿ; ಒಂದು ದಿನವೂ ತಪ್ಪಿಸಿಲ್ಲ.

ಬಾಯಿ ಕಟ್ಟಿದ್ದರೆ ಸಾಕಿತ್ತು ಎಂದು ಊರೆಲ್ಲ ಹೇಳಿತ್ತು. ನೀವೊಬ್ಬರು ಹೇಳಲಿಲ್ಲ. ಕುಣಿಗಲ್ಲಿನಲ್ಲಿ ನೀವು ಇಳಿಯುವಾಗ ಹೆಸರು ಕೇಳಲೂ ತೋಚಲಿಲ್ಲ. ನಿಮ್ಮ ಹೊಟ್ಟೆ ತಣ್ಣಗಿರಲಿ, ಅಕ್ಕಾ.